ದಪ್ಪ ಅಕ್ಷರದ ಸತ್ಯವೇದ: ಎಂಟು ತಿಂಗಳು ಓದಿದ ಮೇಲೆ

ಈ ಸತ್ಯವೇದ, ಅಂದರೆ ಬೈಬಲ್, ತಗೊಂಡಿದ್ದು ನಮ್ಮ ಅತ್ತೆಗಾಗಿ. ಅವರಿಗೆ ಈಗ 86 ವರ್ಷ. ಎರಡೂ ಕಣ್ಣಿನ ಪೊರೆ ತೆಗೆಸಿದ್ದೇವೆ. ಆದರೂ ನಡುಭಾಗದ ನೋಟ ಹೋಗಿಬಿಟ್ಟಿದೆ. ಎದುರಿಗೆ ಕೂತವರ ಕಿವಿ ಕಾಣುತ್ತದೆ, ಮುಖ ಕಾಣುವುದಿಲ್ಲ ಅನ್ನುತ್ತಾರೆ. ಮದುವೆಯ ದಿನ ಅವರ ಅಪ್ಪ ಕೊಟ್ಟ ಸತ್ಯವೇದವನ್ನು ಅರವತ್ತು ವರ್ಷ ಓದಿದವರು. ಇನ್ನು ಆಗಲ್ಲ ಅಂತ ಅದನ್ನು ಬೀರುವಿನಲ್ಲಿ ಇಟ್ಟ ದಿನ ರಾತ್ರಿ ಊಟ ಮಾಡಲಿಲ್ಲ. ಮಾರನೇ ವಾರ ನಾನು ಹಾಸನದಿಂದ ಬೆಂಗಳೂರಿಗೆ ಹೋಗಿ ಈ ದಪ್ಪ ಅಕ್ಷರದ್ದನ್ನು ತಂದೆ.

ಮೊದಲು ಕೈಗೆ ಸಿಗುವ ವಿಷಯ ಹೇಳುತ್ತೇನೆ. ಬೆಲೆ 1,050 ರೂಪಾಯಿ. ಕಪ್ಪು ರೆಕ್ಸಿನ್ ರಟ್ಟು, ಜಿಪ್ ಕವರ್ ಬೇರೆ. ನಮ್ಮ ಬೀದಿಯ ದಿನಸಿ ಅಂಗಡಿ ತಕ್ಕಡಿಯಲ್ಲಿ ಇಟ್ಟು ನೋಡಿದೆ, ಎರಡು ಕಿಲೋಗಿಂತ ಸ್ವಲ್ಪ ಜಾಸ್ತಿ ಬಂತು. ವಯಸ್ಸಾದವರು ತೊಡೆಯ ಮೇಲೆ ಇಟ್ಟುಕೊಂಡು ಓದಲು ಆಗುವುದಿಲ್ಲ, ಒಂದು ದಿಂಬು ಬೇಕು. ಅಕ್ಷರ ನಮ್ಮ ಹಳೆಯದರ ಎರಡರಷ್ಟಿದೆ. ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತವೆ. ಕನ್ನಡದಲ್ಲಿ ಇದು ತುಂಬಾ ಮುಖ್ಯ. ಸಣ್ಣ ಅಚ್ಚಿನಲ್ಲಿ 'ತ್ತ' ಯಾವುದು 'ತ್ರ' ಯಾವುದು ಅಂತ ಕಣ್ಣು ಸೋಲುತ್ತದೆ. ಕಾಗದ ತೆಳು. ಹಿಂದಿನ ಪುಟದ ಸಾಲು ಇಣುಕುತ್ತದೆ. ನಾನು ಒಂದು ಬಿಳಿ ಹಾಳೆಯನ್ನು ಪುಟದ ಹಿಂದೆ ಇಟ್ಟುಕೊಂಡು ಓದುತ್ತೇನೆ, ಆಗ ಸರಿಹೋಗುತ್ತದೆ.

ಅತ್ತೆ ಓದಿದರಾ? ಮೊದಲ ದಿನ ಭೂತಗನ್ನಡಿ ಹಿಡಿದು ಎರಡು ವಚನ ಓದಲು ಹತ್ತು ನಿಮಿಷ ತಗೊಂಡರು. ಆಮೇಲೆ ಪುಸ್ತಕವನ್ನು ನನ್ನ ಕಡೆ ತಳ್ಳಿದರು. "ನೀನೇ ಓದಮ್ಮ. ಮೊದಲಿನಿಂದ ಓದು, ಏನೂ ಬಿಡಬೇಡ." ಕಣ್ಣು ಇಷ್ಟು ಕೆಟ್ಟವರಿಗೆ ಅಕ್ಷರ ಎಷ್ಟು ದಪ್ಪ ಮಾಡಿದರೂ ಸಾಲದು. ಅದನ್ನು ಮೊದಲೇ ತಿಳಿದುಕೊಂಡು ತಗೊಳ್ಳಿ. ಅರವತ್ತು ದಾಟಿದ ನನ್ನ ಕಣ್ಣಿಗೆ ಇದು ವರವೇ ಆಯಿತು. ದಿನಾ ಸಂಜೆ ಕುಟುಂಬ ಪ್ರಾರ್ಥನೆಗೆ ಮೂರು ಅಧ್ಯಾಯ, ಭಾನುವಾರ ಮಾತ್ರ ಸುವಾರ್ತೆ, ಅಂದರೆ ಯೇಸುವಿನ ಜೀವನ ಹೇಳುವ ಪುಸ್ತಕಗಳು. ಹೀಗೆ ಎಂಟು ತಿಂಗಳಾಯಿತು.

"ಏನೂ ಬಿಡಬೇಡ" ಅಂದರಲ್ಲ, ಅದರಿಂದಲೇ ಈ ವಿಮರ್ಶೆ ಇಷ್ಟು ಉದ್ದ ಆಗುತ್ತಿದೆ. ನಮ್ಮ ಮನೆಯಲ್ಲಿ ದಿನಕ್ಕೊಂದು ವಾಕ್ಯದ ಕ್ಯಾಲೆಂಡರ್ ಇದೆ. ಅದರಲ್ಲಿ ಬರುವುದು ಸಮಾಧಾನದ ವಾಕ್ಯ, ಆಶೀರ್ವಾದದ ವಾಕ್ಯ. ಪೂರ್ತಿ ಪುಸ್ತಕ ಕ್ರಮವಾಗಿ ಓದಿದಾಗ ಬೇರೆ ಜನ ಎದುರಾಗುತ್ತಾರೆ. ದೇವರನ್ನು ನಂಬಿದವರು, ಜೊತೆಗೆ ತಲೆ ಓಡಿಸಿದವರು. ಬಾಗಿಲು ಮುಚ್ಚಿದರೆ ಕಿಟಕಿ ಹುಡುಕಿದವರು. ಅವರ ಹೆಸರು ನನಗೆ ಗೊತ್ತಿತ್ತು, ಆದರೆ ಅವರ ಕಷ್ಟ ಗೊತ್ತಿರಲಿಲ್ಲ.

ಮೊದಲ ಪುಸ್ತಕ ಆದಿಕಾಂಡದ 27ನೇ ಅಧ್ಯಾಯಕ್ಕೆ ಬಂದಾಗ ನಮ್ಮಿಬ್ಬರಿಗೂ ಜಗಳವೇ ಆಯಿತು. ಇಸಾಕನಿಗೆ ವಯಸ್ಸಾಗಿ ಕಣ್ಣು ಮಬ್ಬಾಗಿದೆ. ಮೈತುಂಬ ಕೂದಲಿದ್ದ ದೊಡ್ಡ ಮಗ ಏಸಾವನಿಗೆ ಆಶೀರ್ವಾದ ಕೊಡಬೇಕೆಂದಿದ್ದಾನೆ. ರೆಬೆಕ್ಕ ಚಿಕ್ಕ ಮಗ ಯಾಕೋಬನ ಕೈಗೆ, ಕೊರಳಿಗೆ ಆಡುಮರಿಯ ಚರ್ಮ ಕಟ್ಟಿ ಗಂಡನ ಹತ್ತಿರ ಕಳಿಸುತ್ತಾಳೆ. ನಾನು, "ದೊಡ್ಡವನು ಚಿಕ್ಕವನಿಗೆ ಸೇವೆ ಮಾಡುತ್ತಾನೆ ಅಂತ ದೇವರು ಅವಳಿಗೆ ಮೊದಲೇ ಹೇಳಿದ್ದನಲ್ಲ, ಅದನ್ನು ನಂಬಿ ಮಾಡಿದಳು" ಅಂದೆ. ಅತ್ತೆ ಸುಮ್ಮನಿದ್ದರು. ಆಮೇಲೆ ಮೆಲ್ಲಗೆ, "ಕಣ್ಣು ಕಾಣದವನ ಕೈಗೆ ಸುಳ್ಳು ಕೊಟ್ಟರು. ಸ್ವರ ಯಾಕೋಬನದು, ಕೈ ಏಸಾವನದು ಅಂತ ಅವನು ತಡಕಾಡಿದ ನೋಡು. ನನಗೆ ಅದು ಗೊತ್ತು" ಅಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸತ್ಯವೇದವೂ ಆ ಮೋಸವನ್ನು ಮುಚ್ಚಿಡುವುದಿಲ್ಲ. ಏಸಾವನ ಸಿಟ್ಟಿಗೆ ಹೆದರಿ ಸ್ವಲ್ಪ ದಿನ ಅಂತ ರೆಬೆಕ್ಕ ಕಳಿಸಿದ ಮಗ ಸೋದರಮಾವ ಲಾಬಾನನ ಹತ್ತಿರ 20 ವರ್ಷ ದುಡಿಯುತ್ತಾನೆ. ತಾಯಿ ಮಗ ಮತ್ತೆ ಮುಖ ನೋಡಿದರು ಅಂತ ಎಲ್ಲೂ ಬರೆದಿಲ್ಲ. ಲಾಬಾನ ಮದುವೆಯಲ್ಲಿ ಅವನಿಗೆ ಚಿಕ್ಕ ಮಗಳು ರಾಹೇಲಳ ಬದಲು ದೊಡ್ಡವಳು ಲೇಯಳನ್ನು ಕೊಟ್ಟು ಮೋಸ ಮಾಡುತ್ತಾನೆ. ಮುದುಕನಾದ ಮೇಲೆ ಸ್ವಂತ ಮಕ್ಕಳೇ ತಮ್ಮ ಯೋಸೇಫನ ಅಂಗಿಯನ್ನು ಆಡಿನ ರಕ್ತದಲ್ಲಿ ಅದ್ದಿ ತಂದು ತೋರಿಸಿ, ಅವನು ಸತ್ತ ಅಂತ ನಂಬಿಸುತ್ತಾರೆ. ಅಲ್ಲೂ ಆಡೇ. ಈ ಪುಸ್ತಕದ ಪಕ್ಕದ ಅಂಕಣದಲ್ಲಿ ಕೊಟ್ಟಿರುವ ವಚನಗಳ ಸಂಖ್ಯೆ ಹಿಡಿದು ಹೋದಾಗ ಹಿಂದೆ ಮುಂದೆ ಎಲ್ಲಾ ಕೂಡಿಕೊಳ್ಳುತ್ತದೆ. ಆ ಅಂಕಣದ ಅಕ್ಷರವನ್ನು ಮಾತ್ರ ಹಳೇ ಸೈಜಿನಲ್ಲೇ ಬಿಟ್ಟಿದ್ದಾರೆ. ದಪ್ಪ ಅಕ್ಷರದ ಪುಸ್ತಕ ಅಂತ ಮಾರುವಾಗ ಅದನ್ನೂ ದಪ್ಪ ಮಾಡಬೇಕಿತ್ತು.

ಎರಡನೇ ಪುಸ್ತಕ ವಿಮೋಚನಕಾಂಡದ ಮೊದಲ ಅಧ್ಯಾಯದ ಬಗ್ಗೆ ನಾನು ಬರೆಯಲೇಬೇಕು. ನಾನು 34 ವರ್ಷ ಸರ್ಕಾರಿ ನರ್ಸ್ ಆಗಿದ್ದೆ, ಅದರಲ್ಲಿ ಜಾಸ್ತಿ ಹೆರಿಗೆ ಕೆಲಸ. ಈಜಿಪ್ಟಿನ ಅರಸ ಫರೋಹ, ಅಲ್ಲಿ ಗುಲಾಮರಾಗಿದ್ದ ಇಬ್ರಿಯರ ಇಬ್ಬರು ಸೂಲಗಿತ್ತಿಯರನ್ನು ಕರೆಸುತ್ತಾನೆ. ಹುಟ್ಟಿದ್ದು ಗಂಡಾದರೆ ಕೊಲ್ಲಿ, ಹೆಣ್ಣಾದರೆ ಬಿಡಿ ಅನ್ನುತ್ತಾನೆ. ಅವರ ಹೆಸರು ಶಿಪ್ರಾ, ಪೂಗಾ. ಫರೋಹ ಅನ್ನುವುದು ಪದವಿ, ಆ ರಾಜನ ಸ್ವಂತ ಹೆಸರನ್ನು ಅಲ್ಲಿ ಬರೆದಿಲ್ಲ. ಸೂಲಗಿತ್ತಿಯರ ಹೆಸರು ಬರೆದಿದೆ! 'ಸೂಲಗಿತ್ತಿ' ಅನ್ನುವ ಪದವೇ ನನಗೆ ಅಚ್ಚುಮೆಚ್ಚು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ನರ್ಸ್‌ಗಳೆಲ್ಲ ಎಷ್ಟು ಖುಷಿ ಪಟ್ಟೆವು! ಸರಳ ಕನ್ನಡ ಅಂತ ಅದನ್ನು ತೆಗೆದು 'ದಾದಿ' ಅಂತ ಹಾಕಿದರೆ ನನಗೆ ಬೇಜಾರಾಗುತ್ತದೆ.

ಗಂಡುಮಕ್ಕಳನ್ನು ಯಾಕೆ ಉಳಿಸಿದಿರಿ ಅಂತ ಫರೋಹ ಕೇಳಿದಾಗ ಆ ಇಬ್ಬರು ಏನು ಹೇಳುತ್ತಾರೆ? ಇಬ್ರಿಯ ಹೆಂಗಸರು ಗಟ್ಟಿಗರು, ಸೂಲಗಿತ್ತಿ ಹೋಗುವಷ್ಟರಲ್ಲೇ ಹೆತ್ತಿರುತ್ತಾರೆ ಅನ್ನುತ್ತಾರೆ. ಎಂಥ ಉತ್ತರ ನೋಡಿ. ಪೂರ್ತಿ ಸುಳ್ಳು ಅನ್ನಲು ಆಗಲ್ಲ. ನಾನೇ ಮಳೆಯಲ್ಲಿ ಮೂರು ಮೈಲಿ ನಡೆದು ಹೋಗಿ ಬಾಗಿಲು ತಟ್ಟುವಾಗ ಒಳಗೆ ಮಗು ಅಳುತ್ತಿದ್ದದ್ದು ಎಷ್ಟೋ ಸಲ. ಯಾವ ರಾಜ ಹೆರಿಗೆ ಕೋಣೆಗೆ ಬಂದು ಗಂಟೆ ನೋಡುತ್ತಾನೆ? ಗಂಡಸರಿಗೆ ಆ ಕೋಣೆಯ ಬಗ್ಗೆ ಏನೂ ಗೊತ್ತಿಲ್ಲ ಅನ್ನುವುದು ಆ ಇಬ್ಬರಿಗೆ ಗೊತ್ತಿತ್ತು. ಅವರು ದೇವರಿಗೆ ಭಯಪಟ್ಟರು, ದೇವರು ಅವರಿಗೆ ಒಳ್ಳೇದು ಮಾಡಿದನು ಅಂತ ಅಲ್ಲೇ ಬರೆದಿದೆ.

ಆ ಅಧ್ಯಾಯ ಮುಗಿಸಿ ನಾನು ಪುಸ್ತಕ ಮುಚ್ಚಿದೆ. ಅತ್ತೆಗೆ ಅಲ್ಲಿಯವರೆಗೆ ಹೇಳದ ಒಂದು ವಿಷಯ ಹೇಳಿದೆ. 1991ರಲ್ಲಿ ಒಂದು ಹಳ್ಳಿಯಲ್ಲಿ ಚೊಚ್ಚಲ ಬಸುರಿ ಹುಡುಗಿ. ಕಾಲು ಮುಖ ಎಲ್ಲಾ ಊದಿಕೊಂಡಿತ್ತು, ತಲೆನೋವು, ಬಿಪಿ ವಿಪರೀತ. ಫಿಟ್ಸ್ ಬಂದರೆ ತಾಯಿ ಮಗು ಇಬ್ಬರೂ ಹೋಗುತ್ತಾರೆ. ಮನೆಯ ಹಿರಿಯಮ್ಮ ಆಸ್ಪತ್ರೆಗೆ ಕಳಿಸಲ್ಲ ಅಂತ ಹಟ ಹಿಡಿದರು. ನಾನು ಹೊಟ್ಟೆ ಮುಟ್ಟಿ ನೋಡಿ, "ಗಂಡು ಮಗುವಿನ ಹಾಗೆ ಕಾಣುತ್ತಮ್ಮ, ಕಳಕೋಬೇಡಿ" ಅಂದೆ. ಮುಟ್ಟಿ ನೋಡಿದರೆ ಅದೆಲ್ಲಾ ಗೊತ್ತಾಗುವುದಿಲ್ಲ. ಬೇಕಂತಲೇ ಹೇಳಿದ ಸುಳ್ಳು ಅದು. ಅರ್ಧ ಗಂಟೆಯಲ್ಲಿ ಹಾಲಿನ ವ್ಯಾನ್ ನಿಲ್ಲಿಸಿ ಹುಡುಗಿಯನ್ನು ಹತ್ತಿಸಿದರು. ರಾತ್ರಿ ಆಪರೇಷನ್ ಆಯಿತು. ಹೆಣ್ಣು ಮಗು, ಇಬ್ಬರೂ ಉಳಿದರು. ಆ ಹಿರಿಯಮ್ಮ ಒಂದು ವರ್ಷ ನನ್ನ ಜೊತೆ ಮಾತಾಡಲಿಲ್ಲ. ಎಷ್ಟೋ ವರ್ಷ ನಾನು ಅದಕ್ಕಾಗಿ ಕ್ಷಮೆ ಕೇಳಿ ಪ್ರಾರ್ಥನೆ ಮಾಡಿದ್ದೇನೆ. ಗಂಡು ಅಂದರೆ ಮಾತ್ರ ಬೆಲೆ ಅನ್ನುವ ಅವರ ನಂಬಿಕೆಯನ್ನೇ ನಾನು ಬಳಸಿಕೊಂಡೆನಲ್ಲ ಅಂತ ಇವತ್ತಿಗೂ ನೋವಿದೆ. ಅತ್ತೆ ಎಲ್ಲಾ ಕೇಳಿ, "ಆ ವಚನ ಇನ್ನೊಂದು ಸಲ ಓದು" ಅಂದರು. ಓದಿದೆ.

ಅದರ ಮುಂದಿನ ಅಧ್ಯಾಯದಲ್ಲಿ, ಮುಂದೆ ಇಬ್ರಿಯರ ನಾಯಕನಾಗುವ ಮೋಶೆಯ ತಾಯಿ ಮಗುವನ್ನು ಮೂರು ತಿಂಗಳು ಬಚ್ಚಿಡುತ್ತಾಳೆ. ಮೂರು ತಿಂಗಳ ಮಗುವಿನ ಕೂಗು ನಾಲ್ಕು ಮನೆಗೆ ಕೇಳುತ್ತದೆ. ಇನ್ನು ಬಚ್ಚಿಡಲು ಆಗಲ್ಲ ಅನ್ನುವುದು ನಿಜವಾದ ಲೆಕ್ಕ. ಪೆಟ್ಟಿಗೆಗೆ ನೀರು ಹೋಗದ ಹಾಗೆ ಬಳಿದು, ಹೊಳೆಯ ಅಂಚಿನ ಜಂಬುಹುಲ್ಲಿನಲ್ಲಿ ಇಡುತ್ತಾಳೆ. ಅಕ್ಕ ದೂರದಲ್ಲಿ ನಿಂತು ನೋಡುತ್ತಾಳೆ. ಫರೋಹನ ಮಗಳು ಮಗುವನ್ನು ಎತ್ತಿಕೊಂಡ ತಕ್ಷಣ ಹೋಗಿ, ಹಾಲು ಕುಡಿಸಲು ಯಾರನ್ನಾದರೂ ಕರೆಯಲಾ ಅಂತ ಕೇಳುತ್ತಾಳೆ. ಕರೆದದ್ದು ಸ್ವಂತ ತಾಯಿಯನ್ನು. ತನ್ನ ಮಗುವಿಗೆ ಹಾಲು ಕೊಡಲು ಅರಮನೆಯಿಂದ ಸಂಬಳ!

ರೂತಳ ಪುಸ್ತಕ ನಾಲ್ಕೇ ಅಧ್ಯಾಯ. ಎರಡು ದಿನದಲ್ಲಿ ಮುಗಿಯಬೇಕಿತ್ತು, ನಾವು ಒಂದು ವಾರ ಅದರಲ್ಲೇ ಇದ್ದೆವು. ಅತ್ತೆ ಸೊಸೆ ಕೂತು ಅತ್ತೆ ಸೊಸೆಯ ಕಥೆ ಓದುವುದು ಬೇರೇನೇ ಸುಖ. 'ಹಕ್ಕಲು' ಅನ್ನುವ ಪದ ಬಂದಾಗ ಅತ್ತೆಯ ಮುಖ ಅರಳಿತು. ಕೊಯ್ಲಾದ ಹೊಲದಲ್ಲಿ ಬಿದ್ದ ತೆನೆ ಆಯುವುದು. ಅವರೂ ಚಿಕ್ಕವರಿದ್ದಾಗ ಗೌಡರ ಹೊಲದಲ್ಲಿ ರಾಗಿ ಹಕ್ಕಲು ಆಯ್ದವರು. "ಮೊದಲು ಹೋದವರಿಗೆ ಒಳ್ಳೇ ತೆನೆ, ಆಳುಗಳು ಬೈಯದಿದ್ದರೆ ಮಾತ್ರ" ಅಂದರು. ಕಟಾವು ಮಾಡುವಾಗ ಬಡವರಿಗೆ, ಪರದೇಶಿಗಳಿಗೆ ಒಂದಷ್ಟು ಬಿಡಬೇಕು ಅಂತ ಮೋಶೆಯ ಧರ್ಮಶಾಸ್ತ್ರದಲ್ಲೇ ಇದೆ. ರೂತಳು ಮೋವಾಬಿನವಳು, ಪರದೇಶಿ, ವಿಧವೆ. ಆ ಕಾನೂನು ಅವಳಿಗಾಗಿಯೇ ಇದ್ದ ಹಾಗಿದೆ.

ರೂತಳ ಅತ್ತೆ ನೊವೊಮಿಯನ್ನು ನಾನು ಬರೀ ದುಃಖದ ಹೆಂಗಸು ಅಂದುಕೊಂಡಿದ್ದೆ. ಗಂಡ, ಇಬ್ಬರು ಗಂಡುಮಕ್ಕಳು ಸತ್ತಿದ್ದಾರೆ, ನನ್ನನ್ನು ಮಾರಾ, ಅಂದರೆ ಕಹಿ, ಅನ್ನಿ ಅನ್ನುತ್ತಾಳೆ. ಮೂರನೇ ಅಧ್ಯಾಯದಲ್ಲಿ ಅವಳ ತಲೆ ಹೇಗೆ ಓಡುತ್ತದೆ ನೋಡಿ. ಇವತ್ತು ರಾತ್ರಿ ಗಂಡನ ಕಡೆಯ ನೆಂಟ ಬೋವಜ ಕಣದಲ್ಲಿ ಜವೆಗೋಧಿ ತೂರುತ್ತಾನೆ ಅಂತ ಅವಳಿಗೆ ಗೊತ್ತು. ಸ್ನಾನ ಮಾಡು, ಎಣ್ಣೆ ಹಚ್ಚಿಕೋ, ಒಳ್ಳೇ ಬಟ್ಟೆ ಹಾಕು, ಅವನು ಉಂಡು ಮಲಗುವವರೆಗೆ ಕಾಣಿಸಿಕೊಳ್ಳಬೇಡ. ಒಂದೊಂದೂ ಲೆಕ್ಕ ಹಾಕಿ ಹೇಳಿದ್ದು. ಬೋವಜನೂ ಕಮ್ಮಿ ಇಲ್ಲ. ಊರಬಾಗಿಲಲ್ಲಿ ಹತ್ತು ಜನ ಹಿರಿಯರನ್ನು ಕೂರಿಸಿ, ತನಗಿಂತ ಮೊದಲ ಹಕ್ಕಿದ್ದ ಹತ್ತಿರದ ಸಂಬಂಧಿಕನಿಗೆ ಮೊದಲು ಹೊಲದ ಮಾತು ಮಾತ್ರ ಹೇಳುತ್ತಾನೆ. ಅವನು ತಗೋತೀನಿ ಅಂದಮೇಲೆ, ಹೊಲದ ಜೊತೆ ರೂತಳೂ ಬರುತ್ತಾಳೆ ಅನ್ನುತ್ತಾನೆ. ಅವನು ಹಿಂದೆ ಸರಿದು, ಹಕ್ಕು ಬಿಟ್ಟ ಗುರುತಿಗೆ ಕಾಲಿನ ಕೆರ ಬಿಚ್ಚಿ ಕೊಡುತ್ತಾನೆ. "ನೊವೊಮಿ ಅಳುತ್ತಾ ಕೂತಿರಲಿಲ್ಲ ನೋಡು, ಸೊಸೆಗೆ ಒಂದು ನೆಲೆ ಮಾಡಿದಳು" ಅಂದರು ನಮ್ಮತ್ತೆ. ನನ್ನ ಯಜಮಾನರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಈ ಮನೆಯನ್ನು ನನ್ನ ಹೆಸರಿಗೆ ಬರೆಸಲು ಅವರ ತಮ್ಮಂದಿರನ್ನು ಒಪ್ಪಿಸಿದವರು ಇದೇ ಅತ್ತೆ. ಆವತ್ತು ಅವರ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ.

ಇನ್ನು ಪುಸ್ತಕದ ದೊಡ್ಡ ದೋಷ. 1 ಸಮುವೇಲ ಪುಸ್ತಕದ 17ನೇ ಅಧ್ಯಾಯದಲ್ಲಿ ದಾವೀದನ ಕವಣೆ ಕಲ್ಲಿಗೆ ದೈತ್ಯ ಗೊಲ್ಯಾತ ಬಿದ್ದ. ಪುಟ ತಿರುಗಿಸಿ ಓದಲು ಶುರುಮಾಡಿದೆ. ಎರಡು ಸಾಲು ಆಗುವಷ್ಟರಲ್ಲಿ ಅತ್ತೆ, "ಇದನ್ನ ಆಗಲೇ ಓದಿದ್ಯಲ್ಲಮ್ಮ, ಹನ್ನಳು ಮತ್ತೆ ಯಾಕೆ ಅಳ್ತಿದ್ದಾಳೆ?" ಅಂದರು. ಮಗುವಿಗಾಗಿ ಹನ್ನಳು ಅಳುವುದು ಅದೇ ಪುಸ್ತಕದ ಮೊದಲ ಅಧ್ಯಾಯ. ನೋಡಿದರೆ 32 ಪುಟ ಎರಡು ಸಲ ಸೇರಿಸಿ ಹೊಲಿದಿದ್ದಾರೆ. ಅದರ ಮುಂದಿನ 32 ಪುಟ ಇಲ್ಲವೇ ಇಲ್ಲ. ಎರಡನೇ ಸಲ ಗೊಲ್ಯಾತ ಬಿದ್ದಮೇಲೆ ನೇರವಾಗಿ 2 ಸಮುವೇಲ 6. ಮಂಜೂಷ, ಅಂದರೆ ದೇವರ ಒಡಂಬಡಿಕೆಯ ಪೆಟ್ಟಿಗೆ, ಯೆರೂಸಲೇಮಿಗೆ ಹೊರಟಿದೆ. ನಡುವಿನ 19 ಅಧ್ಯಾಯ ಮಾಯ.

ನನಗೆ ಸಿಟ್ಟು ಬಂತು. ಅತ್ತೆಗೆ ಬರಲಿಲ್ಲ. "ಬೀರುವಿನಲ್ಲಿರೋದನ್ನ ತಾ" ಅಂತಾರೆ ಅಂದುಕೊಂಡೆ. ಅವರು, "ಪುಸ್ತಕ ಮುಚ್ಚು, ನಾನು ಹೇಳ್ತೀನಿ" ಅಂದರು. ಐದು ಸಂಜೆ ಹೇಳಿದರು. ಯೋನಾತಾನನ ಬಾಣ, ನೋಬಿನ ರೊಟ್ಟಿ, ಗತ್ ಊರಿನಲ್ಲಿ ದಾವೀದ ಗಡ್ಡಕ್ಕೆ ಜೊಲ್ಲು ಸುರಿಸಿ ಹುಚ್ಚನ ಹಾಗೆ ನಟಿಸಿ ಪಾರಾದದ್ದು. ಮೂರನೇ ಸಂಜೆ ಕಥೆಯಲ್ಲಿ ನಾಬಾಲನ ಹೆಂಡತಿ ಅಬೀಗೈಲಳು ಬಂದಳು. ನಾನು ಅಡಿಗೆಮನೆಯ ದೀಪ ಆರಿಸಿ ಬಂದು ಅವರ ಕಾಲ ಹತ್ತಿರ ಕೂತೆ.

ಅತ್ತೆ ಹೇಳಿದ್ದು ಹೀಗೆ. ನಾಬಾಲ ಸಾಹುಕಾರ, ಅವನಿಗೆ 3,000 ಕುರಿ, 1,000 ಆಡು. ಉಣ್ಣೆ ಕತ್ತರಿಸುವ ಹಬ್ಬ. ಅವನ ಕುರುಬರನ್ನು ಕಾಡಿನಲ್ಲಿ ಕಾದ ದಾವೀದನ ಜನ ಊಟ ಕೇಳಿದರೆ, ದಾವೀದ ಯಾರು ಅಂತ ಬೈದು ಕಳಿಸಿದ. ದಾವೀದ 400 ಜನರಿಗೆ ಕತ್ತಿ ಕಟ್ಟಿಸಿದ. ಬೆಳಗಾಗುವಷ್ಟರಲ್ಲಿ ಆ ಮನೆಯಲ್ಲಿ ಒಬ್ಬ ಗಂಡಸೂ ಉಳಿಯಬಾರದು ಅಂತ ಆಣೆ ಮಾಡಿದ. ಆಳು ಹುಡುಗ ಬಂದು ಅಮ್ಮನಿಗೆ ಹೇಳಿದ, ಯಜಮಾನನಿಗಲ್ಲ. "ಮನೆಯಲ್ಲಿ ಬುದ್ಧಿ ಯಾರಿಗಿದೆ ಅಂತ ಆಳಿಗೆ ಗೊತ್ತಿರುತ್ತೆ" ಅಂದರು ಅತ್ತೆ. ಅಬೀಗೈಲಳು ಕತ್ತೆಗಳ ಮೇಲೆ ಹೇರಿದ್ದನ್ನು ಅವರು ಬೆರಳು ಮಡಚಿ ಎಣಿಸಿದರು: 200 ರೊಟ್ಟಿ, ಎರಡು ಬುದ್ದಲಿ (ಚರ್ಮದ ಚೀಲ) ದ್ರಾಕ್ಷಾರಸ, ಐದು ಕುರಿಯ ಮಾಂಸ, ಐದು ಅಳತೆ ಹುರಿದ ಧಾನ್ಯ, ಒಣದ್ರಾಕ್ಷಿ 100 ಗೊಂಚಲು, ಅಂಜೂರದ ಉಂಡೆ 200. ಊಟವನ್ನು ಮುಂದೆ ಕಳಿಸಿ ತಾನು ಹಿಂದೆ ಹೊರಟಳು. "ಹಸಿದವನಿಗೆ ಮೊದಲು ರೊಟ್ಟಿಯ ವಾಸನೆ ಬರಲಿ, ಆಮೇಲೆ ಮಾತು" ಅಂತ ಅತ್ತೆಯ ವಿವರಣೆ.

ಅವಳ ಮಾತಿನಲ್ಲಿ ನಾನು ಯಾವತ್ತೂ ಗಮನಿಸದ ಒಂದು ವಿಷಯವನ್ನು ಅವರು ತೋರಿಸಿದರು. ನಿನ್ನ ಶತ್ರುಗಳ ಪ್ರಾಣವನ್ನು ದೇವರು ಕವಣೆಯಲ್ಲಿಟ್ಟು ಎಸೆಯುತ್ತಾನೆ ಅಂತ ಅಬೀಗೈಲಳು ದಾವೀದನಿಗೆ ಹೇಳುತ್ತಾಳೆ. ಗೊಲ್ಯಾತನನ್ನು ಕವಣೆಯಿಂದ ಹೊಡೆದವನ ಎದುರಿಗೆ ಕವಣೆಯ ಮಾತು! ನೀನು ಗೆದ್ದಿದ್ದು ಯಾರ ಬಲದಿಂದ ಅಂತ ನೆನಪು ಮಾಡಿದಳು, ಕತ್ತಿಯಿಂದ ಕೈ ತೆಗೆಸಿದಳು. ಮುಂದೆ ನೀನು ಅರಸನಾದಾಗ ಸುಮ್ನೆ ರಕ್ತ ಸುರಿಸಿದೆನಲ್ಲಾ ಅನ್ನುವ ನೋವು ನಿನಗಿರಬಾರದು ಅಂದಳು. ಮನೆಗೆ ಬಂದರೆ ಗಂಡ ಕುಡಿದಿದ್ದಾನೆ. ಏನೂ ಹೇಳದೆ ಬೆಳಗಿನವರೆಗೆ ಕಾದಳು. ಕುಡಿದವನ ಹತ್ತಿರ ವಾದ ಮಾಡಬಾರದು ಅನ್ನುವುದು ಎಷ್ಟು ಹೆಂಗಸರಿಗೆ ಗೊತ್ತಿಲ್ಲ ಹೇಳಿ.

ಪುಸ್ತಕ ಬದಲಿಸಿ ಕೊಡಿ ಅಂತ ಹೋದಾಗ, ತಗೊಂಡು ಮೂರು ತಿಂಗಳ ಮೇಲೆ ಆಗಿದ್ದರಿಂದ ಅಂಗಡಿಯವರು ಮೊದಲು ಆಗಲ್ಲ ಅಂದರು. 15 ದಿನದ ಒಳಗೆ ತರಬೇಕಿತ್ತಂತೆ. ಸತ್ಯವೇದವನ್ನು ಹದಿನೈದು ದಿನದಲ್ಲಿ ಓದಿ ಮುಗಿಸುವವರು ಯಾರು? ಎರಡೂ ಕಡೆಯ ಪುಟದ ಸಂಖ್ಯೆ ತೋರಿಸಿ, ಬಿಲ್ಲು ಇಟ್ಟು, ಅಲ್ಲೇ ಕೂತೆ. ಕೊನೆಗೆ ಬದಲಿಸಿ ಕೊಟ್ಟರು. ಹೊಸ ಪ್ರತಿ ಸರಿಯಾಗಿದೆ. ಒಂದೇ ಬೇಜಾರು. ಆ 25ನೇ ಅಧ್ಯಾಯದ ಮೇಲೆ ದಪ್ಪಗೆ ಹಾಕಿದ ತಲೆಬರಹದಲ್ಲಿ ದಾವೀದ ಇದ್ದಾನೆ, ನಾಬಾಲ ಇದ್ದಾನೆ, ಅಬೀಗೈಲಳ ಹೆಸರಿಲ್ಲ. ತಲೆಬರಹಗಳು ಮೂಲದಲ್ಲಿ ಇಲ್ಲ, ಪ್ರಕಟಿಸುವವರು ಸೇರಿಸಿದ್ದು. ಅವಳನ್ನು ಸೇರಿಸಬಹುದಿತ್ತು. ನಾನು ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದೇನೆ.

ಸತ್ಯವೇದದ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಯೇಸುವಿನ ಮಾತು ಕೆಂಪು ಅಕ್ಷರದಲ್ಲಿದೆ. ನೋಡಲು ಚೆನ್ನ. ಆದರೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ಓದುವುದು ಕಷ್ಟ, ಹಗಲಿನಲ್ಲಿ ಪರವಾಗಿಲ್ಲ. ಕೆಂಪಿನಿಂದ ಒಂದು ಉಪಕಾರವೂ ಆಯಿತು. ಮಾರ್ಕ 7ರಲ್ಲಿ ತೂರ್ ಸೀಮೆಯ ಪರದೇಶಿ ತಾಯಿ ಮಗಳಿಗಾಗಿ ಯೇಸುವನ್ನು ಬೇಡುತ್ತಾಳೆ. ಮಕ್ಕಳ ರೊಟ್ಟಿಯನ್ನು ನಾಯಿಮರಿಗಳಿಗೆ ಹಾಕುವುದು ಸರಿಯಲ್ಲ ಅನ್ನುವ ಮಾತು ಕೆಂಪಿನಲ್ಲಿದೆ. ಅದರ ಕೆಳಗೆ ಅವಳ ಒಂದೇ ಸಾಲು ಕಪ್ಪಿನಲ್ಲಿ. ಮಕ್ಕಳು ಬೀಳಿಸಿದ ಚೂರನ್ನು ಮೇಜಿನ ಕೆಳಗಿನ ಮರಿಗಳು ತಿನ್ನುತ್ತವಲ್ಲ ಸ್ವಾಮಿ. ಸಿಟ್ಟಾಗಲಿಲ್ಲ, ಹೊರಟುಹೋಗಲಿಲ್ಲ. ಸಿಕ್ಕ ಮಾತಿನ ತುದಿಯನ್ನೇ ಹಿಡಿದಳು. ಈ ಮಾತಿಗಾಗಿ ಹೋಗು, ಮಗಳಿಗೆ ವಾಸಿಯಾಗಿದೆ ಅಂತ ಮತ್ತೆ ಕೆಂಪು. ಆಸ್ಪತ್ರೆಯ ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ಕದಲದೆ ನಿಂತ ತಾಯಂದಿರು ನನ್ನ ಕಣ್ಣ ಮುಂದೆ ಬಂದರು.

ಲೂಕ 16ರಲ್ಲಿ ಯೇಸು ಹೇಳುವ, ಧಣಿಯ ಆಸ್ತಿ ನೋಡಿಕೊಳ್ಳುವ ಪಾರುಪತ್ಯಗಾರನ ಸಾಮ್ಯದ ಕಥೆ ಮಾತ್ರ ನನಗೆ ಇನ್ನೂ ಕಷ್ಟ. ಧಣಿಗೆ ಬರಬೇಕಾದ ನೂರು ಅಳತೆ ಎಣ್ಣೆಯ ಸಾಲವನ್ನು ಐವತ್ತು ಅಂತ ಬರೆಸಿದವನನ್ನು ಧಣಿಯೇ ಹೊಗಳುತ್ತಾನೆ. ನಮ್ಮ ಚರ್ಚಿನ ಅಯ್ಯನವರನ್ನು ಕೇಳಿದ್ದೇನೆ, ಮುಂದಿನ ಬುಧವಾರದ ಕೂಟದಲ್ಲಿ ಹೇಳುತ್ತೇನೆ ಅಂದಿದ್ದಾರೆ.

ಭಾಷೆ ಬಗ್ಗೆ ಒಂದು ಮಾತು. ಸತ್ಯವೇದವನ್ನು ಕನ್ನಡಕ್ಕೆ ಅನುವಾದಿಸಿದ ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದವರು. 1831ರಲ್ಲಿ ಪೂರ್ತಿ ಸತ್ಯವೇದ ಕನ್ನಡಕ್ಕೆ ಬಂತು. ಅಲ್ಲಿಂದ ಎಷ್ಟೋ ಸಲ ತಿದ್ದಿದ್ದಾರೆ. ಇದರಲ್ಲಿರುವುದು ನಮ್ಮ ಚರ್ಚುಗಳಲ್ಲಿ ಓದುವ ಹಳೇ ಧಾಟಿಯ ಅನುವಾದ. ಚಿಕ್ಕ ಮಕ್ಕಳಿಗೆ ಕೆಲವು ಪದ ತೊಡಕಾಗುತ್ತದೆ. ಗಟ್ಟಿಯಾಗಿ ಓದಿದರೆ ಆ ಧಾಟಿಯೇ ಕಿವಿಯಲ್ಲಿ ನಿಲ್ಲುತ್ತದೆ. ಅತ್ತೆಗೆ 19 ಅಧ್ಯಾಯ ಬಾಯಲ್ಲಿ ನಿಂತದ್ದು ಹಾಗೇ.

ಈಗ ಕೀರ್ತನೆಗಳ ಪುಸ್ತಕದಲ್ಲಿದ್ದೇವೆ. ಗುರುತಿಗೆ ಕೊಟ್ಟ ಕೆಂಪು ಲಾಡಿಯ ತುದಿ ಬಿಚ್ಚಿಕೊಂಡಿತ್ತು, ಸೂಜಿದಾರದಲ್ಲಿ ಹೊಲಿದೆ. ಬೈಂಡಿಂಗ್ ಇಲ್ಲಿಯವರೆಗೆ ಗಟ್ಟಿಯಾಗಿದೆ. ಮನೆಯಲ್ಲಿ ಗಟ್ಟಿಯಾಗಿ ಓದುವವರಿದ್ದರೆ ಖಂಡಿತ ತಗೊಳ್ಳಿ. ಆದರೆ ಅಂಗಡಿಯಲ್ಲೇ ನಿಂತು ಪುಟದ ಸಂಖ್ಯೆಗಳನ್ನು ಒಂದು ಸಲ ನೋಡಿ. ಅಷ್ಟು ಸಮಯ ಇಲ್ಲದಿದ್ದರೆ ನಮ್ಮತ್ತೆ ಹೇಳುವ ಹಾಗೆ 1 ಸಮುವೇಲ 25 ತೆಗೆಯಿರಿ. ಅಬೀಗೈಲಳು ಕತ್ತೆ ಹತ್ತಿ ಹೊರಟಿದ್ದಾಳಾ ನೋಡಿಕೊಂಡು ದುಡ್ಡು ಕೊಡಿ.